ಡಿಂಗಲ್ ಪ್ರವಾಸ: ಕಂಪನಿಗೆ ಮೂರು, ಡ್ರೈವರಿಗೆ ಐದಕ್ಕೆ ಐದು

ನಮ್ಮಪ್ಪ 34 ವರ್ಷ ಕೆಎಸ್ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದವರು. ಅದರಲ್ಲಿ ಬಹುಪಾಲು ಆಗುಂಬೆ ಘಾಟಿಯ ಮಿನಿ ಬಸ್ಸು. ಅವರನ್ನು ಯಾವ ಬಸ್ಸಿಗೆ ಹತ್ತಿಸಿದರೂ ಕಣ್ಣು ಕಿಟಕಿಯ ಕಡೆ ಹೋಗುವುದಿಲ್ಲ, ಗೇರಿನ ಕಡೆ ಹೋಗುತ್ತದೆ. ಹಾಗಾಗಿ ಈ ವಿಮರ್ಶೆಯನ್ನು ಅರ್ಧ ನನ್ನದು, ಅರ್ಧ ಅವರದು ಅಂತ ಓದಿಕೊಳ್ಳಿ. ಸಮುದ್ರದ ಬಗ್ಗೆ ಇರುವುದೆಲ್ಲ ನನ್ನದು. ಕ್ಲಚ್ಚು, ಬ್ರೇಕು, ರಿವರ್ಸಿನ ಬಗ್ಗೆ ಇರುವುದು ಅಪ್ಪನದು.

ನಾನು ಕಾರ್ಕ್‌ನಲ್ಲಿ ನರ್ಸ್. ಆರು ವರ್ಷದಿಂದ ಐರ್ಲೆಂಡಿನಲ್ಲಿದ್ದರೂ ನೈಋತ್ಯ ಮೂಲೆಯ ಡಿಂಗಲ್ ಪರ್ಯಾಯ ದ್ವೀಪದ ಕಡೆ ತಲೆ ಹಾಕಿರಲಿಲ್ಲ. ಮನೆ ಮುಂದೆ ಕಾರಿದೆ, ಆದರೆ ಅಲ್ಲಿ ಕಡಲಂಚಿನಲ್ಲೇ ಸುತ್ತುವ ಇಕ್ಕಟ್ಟಿನ ಸ್ಲೇ ಹೆಡ್ ರಸ್ತೆಯ ವಿಡಿಯೊ ನೋಡಿದ ಮೇಲೆ ಸ್ಟಿಯರಿಂಗ್ ಹಿಡಿಯುವ ಧೈರ್ಯ ಬರಲಿಲ್ಲ. "ಕೀ ಇಲ್ಲಿ ಕೊಡು" ಅಂತ ಅಪ್ಪ ಎರಡು ಸಲ ಕೇಳಿದರು. ಇನ್ಶೂರೆನ್ಸಿನಲ್ಲಿ ನಿಮ್ಮ ಹೆಸರಿಲ್ಲ ಅಂದೆ. ಮುಖ ಸಪ್ಪಗಾಯಿತು. ಕೊನೆಗೆ ಜೂನ್‌ನಲ್ಲಿ ರೈಲು ಹಿಡಿದು ಕಿಲಾರ್ನಿಗೆ ಹೋಗಿ, ಒಂದು ರಾತ್ರಿ ಅಲ್ಲೇ ಉಳಿದು, ಬೆಳಿಗ್ಗೆ 16 ಸೀಟಿನ ಗೈಡೆಡ್ ಬಸ್ಸು ಹತ್ತಿದೆವು. ತಲೆಗೆ 45 ಯೂರೋ. ಊಟ, ಅಲ್ಲಲ್ಲಿಯ ಟಿಕೆಟ್ಟು ನಮ್ಮದೇ ಖರ್ಚು. ಕಂಪನಿಯ ಹೆಸರು ಬರೆಯುತ್ತಿಲ್ಲ. ಕಿಲಾರ್ನಿಯಿಂದ ಇಂಥ ಬಸ್ಸು ಬಿಡುವವರು ಹಲವರಿದ್ದಾರೆ, ದಾರಿ ಹೆಚ್ಚುಕಡಿಮೆ ಒಂದೇ. ನಾನು ಹೇಳುವುದು ಯಾರಿಗಾದರೂ ಉಪಯೋಗಕ್ಕೆ ಬಂದರೆ ಎಲ್ಲ ಕಂಪನಿಗೂ ಬರುತ್ತದೆ.

ಡ್ರೈವರೇ ಗೈಡು. ಅರವತ್ತರ ಆಸುಪಾಸಿನ ಮನುಷ್ಯ, ಗಾಳಿಗೆ ಕೆಂಪಾದ ಮುಖ, ತೋಳು ಮಡಚಿದ ಸ್ವೆಟರ್. ಪರ್ಯಾಯ ದ್ವೀಪದ ಪಶ್ಚಿಮದ ತುದಿಯಲ್ಲೇ ಹುಟ್ಟಿ ಬೆಳೆದವರಂತೆ. ಇವರೂ ಬಸ್ ಡ್ರೈವರಾಗಿದ್ದವರು ಅಂತ ಅಪ್ಪನನ್ನು ಪರಿಚಯಿಸಿದ್ದೇ ತಡ, ಬಾಗಿಲ ಪಕ್ಕದ ಮುಂದಿನ ಸೀಟಿನಲ್ಲಿದ್ದ ತಮ್ಮ ಕೋಟು ಎತ್ತಿ ಜಾಗ ಮಾಡಿಕೊಟ್ಟರು. ಅಪ್ಪ "ನಮಸ್ಕಾರ ಡ್ರೈವರ್ರೇ" ಅಂತ ಕೈಮುಗಿದು ಕೂತರು. ಇಬ್ಬರಿಗೂ ಅರ್ಥವಾಗುವ ಭಾಷೆ ಒಂದೂ ಇರಲಿಲ್ಲ. ಅಪ್ಪನ ಇಂಗ್ಲಿಷು ಟಿಕೆಟ್ಟು, ಲಗೇಜು, ಡೀಸೆಲ್ಲು, ಇಷ್ಟೇ. ಆದರೆ ಕಿಲಾರ್ನಿ ದಾಟುವಷ್ಟರಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಬೆರಳಿಟ್ಟು ಮಾತುಕತೆ ಶುರುವಾಗಿತ್ತು.

ಒಂದು ಉಪಯೋಗದ ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಸ್ಸಿನ ಎಡಗಡೆಯ ಸೀಟು ಹಿಡಿಯಿರಿ. ಇಲ್ಲಿಯೂ ನಮ್ಮಂತೆ ರಸ್ತೆಯ ಎಡಕ್ಕೇ ವಾಹನ. ಸ್ಲೇ ಹೆಡ್ ಸುತ್ತನ್ನು ಪ್ರವಾಸಿ ಬಸ್ಸುಗಳು ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ಸುತ್ತುತ್ತವೆ. ಹಾಗಾಗಿ ಕಡಲು ನಿಮ್ಮ ಎಡಕ್ಕೆ. ಬಲಕ್ಕೆ ಕೂತವರಿಗೆ ಕಲ್ಲು, ಕುರಿ, ಬೇಲಿ. ಬೇಲಿಯೂ ಕೆಟ್ಟದ್ದೇನಲ್ಲ ಅನ್ನಿ, ಕೆಂಪು ಜುಮುಕಿ ತೂಗುಹಾಕಿದ ಹಾಗೆ ಉದ್ದಕ್ಕೂ ಫ್ಯೂಷಿಯಾ ಹೂವು. ಐರಿಷ್ ಭಾಷೆಯಲ್ಲಿ ಅದಕ್ಕೆ 'ದ್ಯೋರಾ ದೇ', ದೇವರ ಕಣ್ಣೀರು ಅನ್ನುತ್ತಾರೆ.

ಮೊದಲ ನಿಲುಗಡೆ ಇಂಚ್. ಸಮುದ್ರದೊಳಕ್ಕೆ ನಾಲಗೆ ಚಾಚಿದಂತೆ ಸುಮಾರು 5 ಕಿಲೋಮೀಟರ್ ಮರಳು. ಜನ ಕಾರನ್ನು ನೇರ ಮರಳಿನ ಮೇಲೇ ಇಳಿಸುತ್ತಾರೆ. ನಾನು ಚಪ್ಪಲಿ ಬಿಚ್ಚಿ ನೀರಿಗೆ ಕಾಲಿಟ್ಟು ಚಳಿಗೆ ಕಿರುಚಿ ಓಡಿ ಬಂದರೆ ಅಪ್ಪ ನೀರಂಚಿನಲ್ಲಿ ನಿಂತ ಕಾರುಗಳನ್ನೇ ನೋಡುತ್ತಿದ್ದರು. "ಉಪ್ಪುನೀರಿಗೆ ಚಾಸಿಸ್ ಉಳಿಯುತ್ತೇನೆ? ಮನೆಗೆ ಹೋಗಿ ಅಡಿ ತೊಳೀತಾರೋ ಇಲ್ಲವೋ." ಇಂಚ್ ಬಗ್ಗೆ ಅವರ ಅಭಿಪ್ರಾಯ ಇಷ್ಟೇ.

ಆನಸ್ಕಾಲ್‌ನಲ್ಲಿ ಬಸ್ಸು ನಿಲ್ಲಿಸಲಿಲ್ಲ, ನಿಧಾನ ಮಾಡಿದರು. ಹೊಳೆಯ ಪಕ್ಕದಲ್ಲಿ 'ಸೌತ್ ಪೋಲ್ ಇನ್' ಅಂತ ಒಂದು ಪಬ್. ಈ ಕೆರ್ರಿ ಜಿಲ್ಲೆಯ ಮೂಲೆಯಲ್ಲಿ ದಕ್ಷಿಣ ಧ್ರುವ ಎಲ್ಲಿಂದ ಬಂತು ಅಂದರೆ, ಈ ಊರಿನ ಟಾಮ್ ಕ್ರೀನ್ ಧ್ರುವಯಾತ್ರೆಯ ನಾಯಕರಾದ ಸ್ಕಾಟ್ ಜೊತೆ ಎರಡು ಸಲ, ಶ್ಯಾಕಲ್ಟನ್ ಜೊತೆ ಒಂದು ಸಲ ಅಂಟಾರ್ಕ್ಟಿಕಾಗೆ ಹೋಗಿ ಬಂದವರು. 1912ರಲ್ಲಿ ಕಾಯಿಲೆ ಬಿದ್ದ ಅಧಿಕಾರಿಯನ್ನು ಉಳಿಸಲು 56 ಕಿಲೋಮೀಟರ್ ಹಿಮದಲ್ಲಿ ಒಬ್ಬರೇ ನಡೆದರು, ಜೇಬಿನಲ್ಲಿ ಒಂದಿಷ್ಟು ಬಿಸ್ಕತ್ತು, ಚಾಕೊಲೇಟು. ಆಮೇಲೆ ಊರಿಗೆ ಬಂದು ಪಬ್ ಇಟ್ಟುಕೊಂಡು ಸುಮ್ಮನೆ ಇದ್ದುಬಿಟ್ಟರು. ಮಾಡಿದ್ದನ್ನು ಹೇಳಿಕೊಳ್ಳುತ್ತಲೂ ಇರಲಿಲ್ಲವಂತೆ. ಇಂಥ ಕಡೆ ಹತ್ತು ನಿಮಿಷವಾದರೂ ಇಳಿಸಬೇಡವೇ? ವೇಳಾಪಟ್ಟಿಯಲ್ಲಿ ಇಲ್ಲ ಅಂದರು.

ಡಿಂಗಲ್ ಊರು ದಾಟಿ ಪಶ್ಚಿಮಕ್ಕೆ ಹೊರಟ ಮೇಲೆ ಬೋರ್ಡುಗಳೆಲ್ಲ ಬದಲಾದವು. ಇದು ಗೇಲ್ತಖ್ತ್, ಅಂದರೆ ಐರಿಷ್ ಇನ್ನೂ ಮನೆಮಾತಾಗಿರುವ ಪ್ರದೇಶ. 'ದಾರಿ ಬಿಡಿ' ಅನ್ನುವ ತ್ರಿಕೋನದ ಬೋರ್ಡಿನಲ್ಲೂ 'ಗೇಲ್ ಶ್ಲೀ' ಅಂತಲೇ ಇದೆ, ಇಂಗ್ಲಿಷ್ ಇಲ್ಲ. 2005ರಲ್ಲಿ ಸರ್ಕಾರದ ಆದೇಶದ ಪ್ರಕಾರ ಡಿಂಗಲ್‌ನ ಹೆಸರನ್ನೂ ಬೋರ್ಡಿನಲ್ಲಿ ಐರಿಷ್‌ನಲ್ಲೇ ಬರೆಯಬೇಕು ಅಂತಾಯಿತು. ಊರಿನವರು, ಪ್ರವಾಸಿಗಳು ದಾರಿ ತಪ್ಪುತ್ತಾರೆ, ನಮ್ಮ ಅಂಗಡಿ ಗತಿ ಏನು ಅಂತ ಸಿಟ್ಟಾಗಿ ಮರುವರ್ಷ ಮತ ಹಾಕಿ ಎರಡೂ ಹೆಸರು ಬೇಕು ಅಂದರು. ಐರಿಷ್ ಆಡುವ ಊರಿನವರೇ ಇಂಗ್ಲಿಷ್ ಹೆಸರಿಗೆ ಹಟ ಹಿಡಿದದ್ದು ಕೇಳಿ ನನಗೆ ನಗು ಬಂತು. ಬೋರ್ಡಿನ ಭಾಷೆಯ ಜಗಳ ನಮಗೇನು ಹೊಸದೇ?

ಫಾಹನ್ ಹತ್ತಿರ ಇಳಿಜಾರಿನ ಹೊಲದಲ್ಲಿ ಜೇನುಗೂಡಿನ ಆಕಾರದ ಕಲ್ಲುಗುಡಿಸಲುಗಳಿವೆ. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಒಳಕ್ಕೆ ಸರಿಸುತ್ತಾ ಮುಚ್ಚಿದ್ದಾರೆ. ಜಾಗ ಖಾಸಗಿಯವರದು, ಗೇಟಿನಲ್ಲಿ ಒಂದೆರಡು ಯೂರೋ ಕೊಡಬೇಕು. ಚಿಲ್ಲರೆ ಇಟ್ಟುಕೊಂಡು ಹೋಗಿ. ನಮ್ಮ ಬಸ್ಸಿನಲ್ಲಿ ಎಲ್ಲರ ಹತ್ತಿರವೂ ಬರೀ ಕಾರ್ಡು. ಕೊನೆಗೆ ಡ್ರೈವರೇ ತಮ್ಮ ಜೇಬಿನಿಂದ ನಾಲ್ಕು ಜನರದ್ದು ಕೊಟ್ಟು ಆಮೇಲೆ ವಸೂಲಿ ಮಾಡಿಕೊಂಡರು. "ಕಂಡಕ್ಟರ್ ಕೆಲಸಾನೂ ಇವನೇ ಮಾಡ್ತಾನೆ" ಅಂತ ಅಪ್ಪನಿಗೆ ಮರುಕ.

ಗುಡಿಸಲು ದಾಟಿದ ಮೇಲೆ ರಸ್ತೆಯ ಮೇಲೇ ಒಂದು ತೊರೆ ಹರಿಯುತ್ತದೆ. ಸೇತುವೆ ಇಲ್ಲ, ಗುಡ್ಡದ ನೀರು ರಸ್ತೆಯನ್ನು ಅಡ್ಡ ದಾಟಿ ಕೆಳಗೆ ಅಟ್ಲಾಂಟಿಕ್‌ಗೆ ಬೀಳುತ್ತದೆ. ಬಸ್ಸು ನೀರಿನಿಂದ ಹೊರಬಂದ ತಕ್ಷಣ ಡ್ರೈವರ್ ಎರಡು ಸಲ ಹಗುರವಾಗಿ ಬ್ರೇಕ್ ಮುಟ್ಟಿದರು. ಉಳಿದವರು ಫೋನಿನಲ್ಲಿ ತೊರೆಯ ಚಿತ್ರ ನೋಡಿಕೊಳ್ಳುತ್ತಿದ್ದರು. ಅಪ್ಪ ಹಿಂದೆ ತಿರುಗಿ ನನಗೆ, "ನೋಡ್ದ್ಯಾ? ಬ್ರೇಕ್ ಒಣಗಿಸ್ಕೊಂಡ. ಇವನು ಕೆಲಸ ಕಲಿತವನು."

ಅದಾಗಿ ಎರಡು ತಿರುವು ಕಳೆಯುವುದರೊಳಗೆ ಎದುರಿಗೆ ಒಂದು ಬಾಡಿಗೆ ಕಾರು. ಕಾರಿನವರು ಹೀಗೆ ಬರಬಾರದು ಅಂತ ಕಾನೂನಿಲ್ಲ. ಆದರೆ ಬಸ್ಸುಗಳೆಲ್ಲ ಒಂದೇ ದಿಕ್ಕಿನಲ್ಲಿ ಬರುವ ರಸ್ತೆಗೆ ಎದುರಿನಿಂದ ನುಗ್ಗಿದರೆ ಏನಾಗುತ್ತದೋ ಅದೇ ಆಯಿತು. ನಮ್ಮ ಬಲಕ್ಕೆ ಬಂಡೆ, ಎಡಕ್ಕೆ ಮೊಣಕಾಲೆತ್ತರದ ಕಲ್ಲಿನ ಗೋಡೆ, ಗೋಡೆಯಾಚೆ ನೇರ ಸಮುದ್ರ. ಕಾರಿನಲ್ಲಿದ್ದ ದಂಪತಿಗೆ ಸ್ಟಿಯರಿಂಗ್ ಬಲಕ್ಕಿರುವುದೇ ಹೊಸತು. ರಿವರ್ಸ್ ಗೇರ್ ಹುಡುಕಲು ಹೋಗಿ ಎರಡು ಸಲ ಇಂಜಿನ್ ಆಫ್ ಮಾಡಿಕೊಂಡರು. ನಮ್ಮ ಡ್ರೈವರ್ ಏನೂ ಅನ್ನದೆ ಕನ್ನಡಿ ಸರಿಮಾಡಿಕೊಂಡು ಹಿಂದಕ್ಕೆ ಹೊರಟರು. ನಾನು ಸಮುದ್ರ ನೋಡುವುದೋ ಕಣ್ಣು ಮುಚ್ಚುವುದೋ ಅಂತ ಯೋಚಿಸುವಷ್ಟರಲ್ಲಿ ಮುಂದಿನ ಸೀಟು ಖಾಲಿ. ಅಪ್ಪ ಬೆಲ್ಟು ಬಿಚ್ಚಿ, ಬಾಗಿಲು ತೆಗೆಸಿ, ರಸ್ತೆಗೆ ಇಳಿದುಬಿಟ್ಟಿದ್ದರು.

"ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!" ಬಸ್ಸಿನ ಮೈಗೆ ಅಂಗೈಯಿಂದ ಒಂದು ಏಟು. ಬಸ್ಸು ನಿಂತಿತು. ಹಿಂದಿನ ಚಕ್ರಕ್ಕೂ ಗೋಡೆಗೂ ನಡುವೆ ಒಂದು ಗೇಣು. "ಇನ್ನೊಂಚೂರು ಬರ್ಲಿ... ಸಾಕ್!" ಕಾರು ಪಕ್ಕದಲ್ಲಿ ನುಸುಳಿ ಹೋಯಿತು, ಒಳಗಿದ್ದ ಹೆಂಗಸು ಎರಡೂ ಕೈ ಮುಗಿದಳು. ಅಪ್ಪ ಬಸ್ಸಿಗೆ ಎರಡು ಏಟು ಬಡಿದು "ರೈಟ್ ರೈಟ್!" ಅಂದರು. ಡ್ರೈವರ್ ಪಾಪ ಕತ್ತು ಹೊರಳಿಸಿ ಬಲಕ್ಕೆ ನೋಡಿದರು. ಅಲ್ಲಿ ಬಂಡೆ ಬಿಟ್ಟರೆ ಏನಿದೆ? ನಮ್ಮಲ್ಲಿ 'ರೈಟ್' ಅಂದರೆ ಹೊರಡು ಅಂತ, ದಿಕ್ಕಲ್ಲ ಅಂತ ನಾನು ಕೂಗಿ ಹೇಳಬೇಕಾಯಿತು. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಮುಂದಿನ ನಿಲುಗಡೆಯಲ್ಲಿ ಡ್ರೈವರ್ ನನ್ನನ್ನು ಪಕ್ಕಕ್ಕೆ ಕರೆದು, ಅಪ್ಪನಿಗೆ ಬೇಜಾರಾಗದ ಹಾಗೆ ಹೇಳು, ಇನ್ನೊಮ್ಮೆ ರಸ್ತೆಗೆ ಇಳಿಯುವುದು ಬೇಡ, ಏನಾದರೂ ಆದರೆ ನನ್ನ ಲೈಸೆನ್ಸಿಗೆ ಬರುತ್ತದೆ ಅಂದರು. ಸರಿಯಾದ ಮಾತೇ. ಅಪ್ಪನಿಗೆ ಹೇಳಿದೆ. "ಅದೂ ಹೌದು, ನಾನಾಗಿದ್ರೂ ಬೈತಿದ್ದೆ" ಅಂದರು. ಆದರೆ ಆಮೇಲೆ ಪ್ರತಿ ಸಲ ಹೊರಡುವಾಗ ಡ್ರೈವರ್ ತಾವೇ ಅಪ್ಪನ ಕಡೆ ತಿರುಗಿ "ರೈಟ್ ರೈಟ್?" ಅನ್ನತೊಡಗಿದರು.

ಸ್ಲೇ ಹೆಡ್ ತಿರುವಿನಲ್ಲಿ ಬಿಳಿಯ ಶಿಲುಬೆಯ ಮೂರ್ತಿ, ಅಲ್ಲಿಂದಾಚೆಗೆ ಬ್ಲಾಸ್ಕೆಟ್ ದ್ವೀಪಗಳು ಒಮ್ಮೆಲೇ ಕಣ್ಣಿಗೆ ಬೀಳುತ್ತವೆ. ಒಂದು ದ್ವೀಪವಂತೂ ಮನುಷ್ಯ ಅಂಗಾತ ಮಲಗಿ ಹೊಟ್ಟೆಯ ಮೇಲೆ ಕೈಕಟ್ಟಿಕೊಂಡ ಹಾಗೇ ಇದೆ. ಹೆಸರೂ 'ಅನ್ ಫ್ಯಾರ್ ಮಾರವ್', ಸತ್ತ ಮನುಷ್ಯ. ಕುಮೀನೂಲ್ ಕಡಲತೀರಕ್ಕೆ ಇಳಿಯುವ ದಾರಿಯಲ್ಲಿ ಗಾಳಿಗೆ ಅಪ್ಪನ ಕರಿ ಕೊಡೆ ಒಂದೇ ಏಟಿಗೆ ಹಿಂದುಮುಂದಾಗಿ ಎರಡು ಕಡ್ಡಿ ಮುರಿಯಿತು. ಮಲೆನಾಡಿನ ಮಳೆಗಾಲಗಳನ್ನು ಕಂಡ ಕೊಡೆ ಅದು. ಇಲ್ಲಿ ಮಳೆ ಮೇಲಿನಿಂದ ಬರುವುದಿಲ್ಲ, ಪಕ್ಕದಿಂದ ಬರುತ್ತದೆ. ಟೋಪಿ ಇರುವ ಜಾಕೆಟ್ ತೆಗೆದುಕೊಂಡು ಹೋಗಿ. ನೀರಿಗಿಳಿಯಬೇಡಿ, ಸೆಳೆತ ಜಾಸ್ತಿ ಅಂತ ಎಚ್ಚರಿಕೆ ಇದೆ. ಪಕ್ಕದಲ್ಲಿ ಚಾಚಿಕೊಂಡಿರುವ ಡನ್‌ಮೋರ್ ಹೆಡ್ ಐರ್ಲೆಂಡಿನ ಮುಖ್ಯ ಭೂಭಾಗದ ಪಶ್ಚಿಮದ ಕೊನೆ.

ಡನ್‌ಕ್ವಿನ್‌ನಲ್ಲಿ 25 ನಿಮಿಷ ಕೊಟ್ಟರು. ದೋಣಿಕಟ್ಟೆಗೆ ಇಳಿಯುವ ಕಾಂಕ್ರೀಟಿನ ದಾರಿ ಹಾವಿನ ಹಾಗೆ ಬಳುಕಿ ಕಡಲಿಗೆ ಇಳಿಯುತ್ತದೆ. ಎಲ್ಲರ ಫೋಟೊದಲ್ಲಿರುವುದು ಇದೇ. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಡ್ರೈವರ್ ಗಾಳಿಗೆ ಬೆನ್ನು ಮಾಡಿ ನಿಂತು ಹೇಳಿದ್ದು. ಎದುರಿನ ದೊಡ್ಡ ಬ್ಲಾಸ್ಕೆಟ್‌ನಲ್ಲಿ ಜನ ತಲೆಮಾರುಗಳಿಂದ ಬದುಕಿದ್ದರು. ಡಾಕ್ಟರಿಲ್ಲ, ಪಾದ್ರಿಯಿಲ್ಲ, ಅಂಗಡಿಯಿಲ್ಲ. ಎಲ್ಲಕ್ಕೂ ದೋಣಿ ಹತ್ತಿ ಇದೇ ಕಟ್ಟೆಗೆ ಬರಬೇಕು. 1946ರ ಕೊನೆಯಲ್ಲಿ ಒಬ್ಬ ಹುಡುಗ ಮೆನಿಂಜೈಟಿಸ್‌ನಿಂದ ಹಾಸಿಗೆ ಹಿಡಿದ. ಕಡಲು ಕೆರಳಿತ್ತು, ಯಾರೂ ಬರಲಾಗಲಿಲ್ಲ, ಹುಡುಗ ತೀರಿಕೊಂಡ. ಮರುವರ್ಷ ಬಿರುಗಾಳಿಗೆ ಸಿಕ್ಕಿ ತಿನ್ನಲು ಗತಿಯಿಲ್ಲದೆ ದ್ವೀಪದವರು ಪ್ರಧಾನಿ ಡಿ ವಲೇರಾಗೆ ಟೆಲಿಗ್ರಾಂ ಕಳಿಸಿದರು. 1953ರಲ್ಲಿ ಉಳಿದಿದ್ದ 22 ಜನರನ್ನು ಸರ್ಕಾರ ಈಚೆ ದಡಕ್ಕೆ ಕರೆತಂದಿತು. ನಾನು ನರ್ಸ್, ಮೆನಿಂಜೈಟಿಸ್‌ನಲ್ಲಿ ಒಂದು ಗಂಟೆ ತಡವಾದರೆ ಏನಾಗುತ್ತದೆ ಅಂತ ನೋಡಿದವಳು. ಎದುರಿಗೆ ಕೂಗಿದರೆ ಕೇಳುತ್ತೇನೋ ಅನ್ನುವಷ್ಟು ಹತ್ತಿರ ಕಾಣುವ ದ್ವೀಪ. ಆ ನೀರನ್ನು ನೋಡುತ್ತಾ ನಿಂತೆ, ಫೋಟೊ ತೆಗೆಯುವುದು ಮರೆತುಹೋಯಿತು.

ಆ ಪುಟ್ಟ ದ್ವೀಪ ಬರಹಗಾರರನ್ನೂ ಕೊಟ್ಟಿದೆ. ಪೆಗ್ ಸೇಯರ್ಸ್ ಅನ್ನುವ ಅಜ್ಜಿ ಹೇಳಿ ಬರೆಸಿದ ಬದುಕಿನ ಕಥೆ ದಶಕಗಳ ಕಾಲ ಐರಿಷ್ ಮಕ್ಕಳಿಗೆ ಶಾಲೆಯಲ್ಲಿ ಪಠ್ಯವಾಗಿತ್ತು. "ನಮ್ಮ ತಲೆಮಾರಿನವರಿಗೆ ಆ ಅಜ್ಜಿಯ ಹೆಸರು ಕೇಳಿದರೆ ಪರೀಕ್ಷೆಯ ಹೊಟ್ಟೆನೋವು ನೆನಪಾಗುತ್ತದೆ" ಅಂದರು ಡ್ರೈವರ್. ಇವರೆಲ್ಲರ ಕಥೆ ಹೇಳುವ ಬ್ಲಾಸ್ಕೆಟ್ ಸೆಂಟರ್ ಇದೇ ಊರಿನಲ್ಲಿದೆ. ನಮ್ಮ ಬಸ್ಸು ಅದರ ಮುಂದೆಯೇ ಹಾದುಹೋಯಿತು, ನಿಲ್ಲಿಸಲಿಲ್ಲ. ನನ್ನ ದೊಡ್ಡ ತಕರಾರು ಇದೇ. ಇಲ್ಲಿ 25 ನಿಮಿಷ, ಮಧ್ಯಾಹ್ನ ಡಿಂಗಲ್ ಊರಿನಲ್ಲಿ ಸ್ವೆಟರ್ ಅಂಗಡಿ ಸುತ್ತಲು ಎರಡು ಗಂಟೆ ಹತ್ತು ನಿಮಿಷ. ಈ ಲೆಕ್ಕ ಮಾಡಿದವರು ಕಚೇರಿಯಲ್ಲಿ ಕೂತವರೇ ಇರಬೇಕು.

ಅಪ್ಪನಿಗೆ ಈ ತಕರಾರು ಒಪ್ಪಿಗೆಯಿಲ್ಲ. ಯುರೋಪಿನ ನಿಯಮದ ಪ್ರಕಾರ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿರಾಮ ಕಡ್ಡಾಯ, ದಿನಕ್ಕೆ ಸಾಮಾನ್ಯವಾಗಿ 9 ಗಂಟೆ ಮೀರುವಂತಿಲ್ಲ, ಡ್ಯಾಶ್‌ಬೋರ್ಡಿನಲ್ಲಿರುವ ಟ್ಯಾಕೊಗ್ರಾಫ್ ಎಲ್ಲ ಬರೆದುಕೊಳ್ಳುತ್ತದೆ. ಇದನ್ನು ಸನ್ನೆಯಲ್ಲೇ ಕೇಳಿ ತಿಳಿದುಕೊಂಡಿದ್ದರು. "ಅವನೂ ಊಟ ಮಾಡ್ಬೇಕಲ್ಲ ಮಾರಾಯ್ತಿ. ನಮಗೆ ಯಾರು ಲೆಕ್ಕ ಇಡ್ತಿದ್ರು?" ಊಟಕ್ಕೆ ಮುಕ್ಕಾಲು ಗಂಟೆ ಸಾಕಲ್ಲ, ಉಳಿದದ್ದನ್ನು ಬ್ಲಾಸ್ಕೆಟ್‌ಗೆ ಕೊಡಬಹುದಿತ್ತಲ್ಲ ಅಂದೆ. ಸುಮ್ಮನಾದರು, ಒಪ್ಪಲಿಲ್ಲ.

ಡ್ರೈವರ್ ಫೋನಿನಲ್ಲಿ ಮನೆಯವರ ಜೊತೆ ಐರಿಷ್ ಮಾತಾಡಿದ್ದನ್ನು ಕೇಳಿ ಕುತೂಹಲವಾಗಿ, 'ಹೌದು' ಅನ್ನುವುದಕ್ಕೆ ಏನನ್ನುತ್ತೀರಿ ಅಂತ ಕೇಳಿದೆ. ಅಂಥ ಪದವೇ ಇಲ್ಲವಂತೆ, 'ಇಲ್ಲ' ಅನ್ನುವುದಕ್ಕೂ ಇಲ್ಲವಂತೆ. ಪ್ರಶ್ನೆಯಲ್ಲಿ ಯಾವ ಕ್ರಿಯಾಪದ ಇತ್ತೋ ಅದನ್ನೇ ತಿರುಗಿಸಿ ಹೇಳಬೇಕು. ಇದನ್ನು ಅಪ್ಪನಿಗೆ ಹೇಗೆ ಬಿಡಿಸಿ ಹೇಳುವುದು ಅಂತ ಯೋಚಿಸುತ್ತಾ, "ಅಪ್ಪ, ಮಾತ್ರೆ ತಗೊಂಡ್ರಾ?" ಅಂದೆ. "ತಗೊಂಡೆ." ಇಷ್ಟೇ ಕಣಪ್ಪ ಐರಿಷ್ ಅಂದರೆ!

ಗ್ಯಾಲರಸ್ ಪ್ರಾರ್ಥನಾಮಂದಿರದ ಬಗ್ಗೆ ಎಷ್ಟು ಬರೆದರೂ ಕಡಿಮೆ, ಆದರೆ ನೋಡಲು ಇರುವುದು ಒಂದೇ ಕೋಣೆ. ದೋಣಿಯನ್ನು ಬೋರಲು ಹಾಕಿದ ಹಾಗೆ. ಇದಕ್ಕೂ ಗಾರೆ ಇಲ್ಲ. ಕಟ್ಟಿದ್ದು ಯಾವ ಶತಮಾನದಲ್ಲಿ ಅನ್ನುವುದರ ಬಗ್ಗೆ ಪಂಡಿತರ ಜಗಳ ಇನ್ನೂ ಮುಗಿದಿಲ್ಲ. ಹೊರಗೆ ಮಳೆ ಸುರಿಯುತ್ತಿತ್ತು. ಒಳಗೆ ಬಗ್ಗಿ ಹೋಗಿ ಗೋಡೆ ಮುಟ್ಟಿದರೆ ಕಲ್ಲು ಒಣಗಿಯೇ ಇದೆ. ಕಲ್ಲುಗಳನ್ನು ಹೊರಮುಖಕ್ಕೆ ಒಂಚೂರು ಇಳಿಜಾರಾಗಿ ಕೂರಿಸಿದ್ದಾರೆ, ನೀರು ಒಳಗೆ ಬರದೆ ಹೊರಗೇ ಜಾರುತ್ತದೆ. ಪೂರ್ವಕ್ಕೆ ಒಂದು ಸಣ್ಣ ಕಿಂಡಿ. ಅದರಲ್ಲಿ ತೂರಿ ಹೊರಬಂದವರಿಗೆ ಸ್ವರ್ಗ ಅಂತ ನಂಬಿಕೆಯಂತೆ. ಅಪ್ಪ ಕಿಂಡಿಯನ್ನೂ ತಮ್ಮ ಹೊಟ್ಟೆಯನ್ನೂ ನೋಡಿಕೊಂಡು ಬಾಗಿಲಿನಿಂದಲೇ ಈಚೆ ಬಂದರು.

ಡಿಂಗಲ್‌ನ ಆ ಎರಡು ಗಂಟೆ ವ್ಯರ್ಥವಾಯಿತು ಅಂತಲೂ ಹೇಳಲಾರೆ. ನಾವು ಸಸ್ಯಾಹಾರಿಗಳು. ಮೀನಿನ ಬಂದರಿನಲ್ಲಿ ಏನು ಸಿಗುತ್ತದೋ ಅಂತ ಹೆದರಿದ್ದೆ. ತರಕಾರಿ ಸೂಪು, ಬೆಣ್ಣೆ ಹಚ್ಚಿದ ದಪ್ಪನೆಯ ಸೋಡಾ ಬ್ರೆಡ್ಡು ಸಿಕ್ಕಿತು. ಸೂಪು ಚಿಕನ್ ಸ್ಟಾಕಿನಲ್ಲಿ ಮಾಡಿದ್ದೋ ಅಂತ ಮೊದಲೇ ಕೇಳಿಕೊಳ್ಳಿ. ಮರ್ಫೀಸ್ ಐಸ್‌ಕ್ರೀಮ್ ಅಂಗಡಿಯಲ್ಲಿ ಇಲ್ಲಿಯದೇ ಕಡಲ ನೀರಿನ ಉಪ್ಪು ಹಾಕಿದ ಐಸ್‌ಕ್ರೀಮ್ ಇದೆ, ಚಮಚದಲ್ಲಿ ರುಚಿ ನೋಡಲು ಕೊಡುತ್ತಾರೆ. ಅಪ್ಪ ಮೊದಲು ಮುಖ ಸಿಂಡರಿಸಿ, ಆಮೇಲೆ ದೊಡ್ಡ ಕಪ್ಪು ತಿಂದರು. ಫಾಕ್ಸಿ ಜಾನ್ಸ್ ಅನ್ನುವ ಪಬ್ಬಿನಲ್ಲಿ ಒಂದು ಕಡೆ ಬಿಯರು, ಇನ್ನೊಂದು ಕಡೆ ಮೊಳೆ, ಸ್ಕ್ರೂ, ಹಾರ್ಡ್‌ವೇರ್ ಸಾಮಾನು. ಕುಡಿಯದ ಅಪ್ಪ ಅಲ್ಲಿ ಕಾಲು ಗಂಟೆ ನಿಂತಿದ್ದರು.

ಬಂದರಿನಲ್ಲಿ ಫಂಗಿಯ ಕಂಚಿನ ಮೂರ್ತಿ ಇದೆ. 1983ರಲ್ಲಿ ಒಬ್ಬಂಟಿಯಾಗಿ ಈ ಕೊಲ್ಲಿಗೆ ಬಂದ ಡಾಲ್ಫಿನ್, 2020ರ ಅಕ್ಟೋಬರ್‌ವರೆಗೂ ಇಲ್ಲೇ ಇದ್ದು, ದೋಣಿಗಳ ಜೊತೆ ಆಡಿ, ಒಂದು ದಿನ ಕಾಣೆಯಾಯಿತು. ಇಡೀ ಊರಿನ ಪ್ರವಾಸೋದ್ಯಮವನ್ನು ಹೊತ್ತಿದ್ದ ಪ್ರಾಣಿ. ಅಪ್ಪ ಬೆರಳಲ್ಲಿ ಎಣಿಸಿ, "37 ವರ್ಷ. ನನಗಿಂತ ಮೂರು ವರ್ಷ ಸರ್ವಿಸ್ ಜಾಸ್ತಿ" ಅಂತ ಅದರ ಬೆನ್ನು ತಟ್ಟಿದರು.

ಇನ್ನೊಂದು ಮೋಸ, ಮೋಸವಲ್ಲದಿದ್ದರೆ ಜಾಣತನ: ಕಂಪನಿಯ ಜಾಹೀರಾತಿನ ಮೊದಲ ಚಿತ್ರವೇ ಕಾನರ್ ಪಾಸ್. ಆದರೆ ಆ ಘಾಟಿಯ ಆಚೆ ಬದಿ ಬಂಡೆ ಕೊರೆದ ಇಕ್ಕಟ್ಟಿನ ದಾರಿ, ಬಸ್ಸು, ಲಾರಿಗಳಿಗೆ ನಿಷೇಧ. ಹೋದರೂ ನೆತ್ತಿಯವರೆಗೆ ಹೋಗಿ ವಾಪಸ್ ಬರಬೇಕು. ನಾವು ಅಷ್ಟೂ ಹೋಗಲಿಲ್ಲ. ಡ್ರೈವರ್ ಗುಡ್ಡದ ಮೇಲೆ ಕೂತ ಮೋಡ ತೋರಿಸಿ, ಅಲ್ಲಿ ಹತ್ತಿದರೆ ನಿಮಗೆ ನನ್ನ ವೈಪರ್ ಬಿಟ್ಟು ಏನೂ ಕಾಣುವುದಿಲ್ಲ ಅಂದರು. ದೊಡ್ಡ ವಾಹನ ಬಿಡದ ಘಾಟಿ ಅಂತ ಕೇಳಿದ ಕ್ಷಣದಿಂದ ಅಪ್ಪನ ಮೈಯೆಲ್ಲ ಕಿವಿ. ಎಷ್ಟು ತಿರುವು, ಎಷ್ಟು ಅಗಲ, ಎದುರು ಬದುರು ಬಂದರೆ ಯಾರು ಹಿಂದೆ ಹೋಗಬೇಕು, ಎಲ್ಲ ನನ್ನಿಂದ ಕೇಳಿಸಿದರು.

ಬಸ್ಸಿನಲ್ಲಿ ಶೌಚಾಲಯ ಇಲ್ಲ. ಇಂಚ್ ಮತ್ತು ಡಿಂಗಲ್‌ನಲ್ಲಿ ಮರೆಯದೆ ಹೋಗಿಬನ್ನಿ, ಹಿರಿಯರನ್ನು ಕರೆದುಕೊಂಡು ಹೋಗುವವರು ಮುಖ್ಯವಾಗಿ. ಸಂಜೆ ಆರಕ್ಕೆ ಮುಂಚೆ ಕಿಲಾರ್ನಿಗೆ ಬಂದಿಳಿದೆವು. ಬ್ಲಾಸ್ಕೆಟ್ ಸೆಂಟರಿಗೆ ಸಮಯ ಕೊಡುವವರು ಸಿಕ್ಕರೆ ಇನ್ನೂ ಹತ್ತು ಯೂರೋ ಜಾಸ್ತಿಯಾದರೂ ಅವರ ಬಸ್ಸನ್ನೇ ಹತ್ತಿ. ಬುಕ್ ಮಾಡುವ ಮೊದಲು ಫೋನು ಮಾಡಿ ಆ ಒಂದು ಪ್ರಶ್ನೆ ಕೇಳಿ. ಜೊತೆಗೆ ಡ್ರೈವರ್ ಆ ಕಡೆಯವರೇನಾ ಅಂತಲೂ ಕೇಳಿ.

ಕಾರ್ಕ್‌ಗೆ ವಾಪಸ್ ಬರುವ ರೈಲಿನಲ್ಲಿ ಅಪ್ಪ ನಿದ್ದೆ ಹೋಗಿದ್ದಾರೆ ಅಂದುಕೊಂಡಿದ್ದೆ. ಮ್ಯಾಲೋ ದಾಟಿದ ಮೇಲೆ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಆ ಘಾಟಿ ಮೇಲೆ ಕಾರು ಬಿಡ್ತಾರೆ ಅಂದ್ಯಲ್ಲ?"

"ಬಿಡ್ತಾರೆ."

"ನಿನ್ನ ಇನ್ಶೂರೆನ್ಸಿಗೆ ಇನ್ನೊಂದು ಹೆಸರು ಸೇರ್ಸೋಕೆ ಎಷ್ಟಾಗುತ್ತೆ, ನಾಳೆ ಒಂದು ಫೋನ್ ಮಾಡಿ ವಿಚಾರ್ಸು."